ಮೆಲುದನಿಯನ್ನೂ ಹಿಡಿಯುವ ಮೈಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಸೋದರತ್ತೆ ಸೋಬಾನೆ ಪದ ಹೇಳುತ್ತಿದ್ದರು. ಮದುವೆ ಮನೆಯಲ್ಲಿ ನಾಲ್ಕು ಜನರ ಜೊತೆ ಸೇರಿದರೆ ಗಟ್ಟಿ ದನಿ. ಮನೆಯಲ್ಲಿ ಒಬ್ಬರೇ ಅಕ್ಕಿ ಆರಿಸುತ್ತಾ ಕೂತಾಗ ಮಾತ್ರ ತೀರಾ ಸಣ್ಣ ದನಿ. ನನಗೆ ಬೇಕಾಗಿದ್ದದ್ದು ಆ ಸಣ್ಣ ದನಿಯೇ. ಅದನ್ನು ಹಿಡಿದಿಡೋಣ ಅಂತಲೇ ಮೊದಲ ಸಲ ಒಂದು ಕಂಡೆನ್ಸರ್ ಮೈಕ್ ಕೊಂಡೆ. ಬೆಲೆ ನೋಡಿದೆ, ಬೇರೆ ಏನನ್ನೂ ನೋಡಲಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಹಾಡಿನ ಹಿಂದೆ ಉದ್ದಕ್ಕೂ ಸುಂಯ್ ಅನ್ನುವ ಸದ್ದು. ಒಲೆ ಮೇಲೆ ನೀರು ಕಾಯುವಾಗ ಬರುತ್ತಲ್ಲ, ಅಂಥದ್ದು. ಅದು ಮನೆಯ ಸದ್ದಲ್ಲ, ಮೈಕಿನದೇ ಸದ್ದು. ಅತ್ತೆ ಈಗ ಇಲ್ಲ. ರೆಕಾರ್ಡಿಂಗ್ ಇದೆ, ಅದರ ಜೊತೆ ಆ ಸದ್ದೂ ಇದೆ.

ಹಾಸನ ಜಿಲ್ಲೆಯಲ್ಲಿ ಹಾಡುವವರಿಗೂ ನುಡಿಸುವವರಿಗೂ ಕೊರತೆ ಇಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಪುಟ್ಟ ಊರು. ಅಲ್ಲಿಂದ ಎಷ್ಟು ಜನ ಸಂಗೀತಗಾರರು ಬಂದರು, ನಿಮಗೆ ಗೊತ್ತೇ ಇದೆ. ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಕೊಂಡ ಊರು ಅದು. ಈಗ ಮನೆಮನೆಯಲ್ಲೂ ಮಕ್ಕಳು ಹಾಡಿ ರೆಕಾರ್ಡ್ ಮಾಡುತ್ತಾರೆ. ಬಹಳ ಜನ ನನ್ನನ್ನು ಕೇಳುವುದು ಇದನ್ನೇ. ಹಾಡಿಗೂ ಆಗಬೇಕು, ವೀಣೆ, ಪಿಟೀಲು, ಕೊಳಲಿಗೂ ಆಗಬೇಕು, ಅಂಥ ಒಂದೇ ಮೈಕ್ ಯಾವುದು?

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಹಿಡಿಯಬೇಕೆಂದಿರುವ ಸದ್ದುಗಳಲ್ಲಿ ಎಲ್ಲಕ್ಕಿಂತ ಮೆಲ್ಲಗಿನದು ಯಾವುದು? ಅದಕ್ಕೆ ಸರಿಹೋಗುವ ಮೈಕ್ ತಗೊಳ್ಳಿ. ಜೋರು ಸದ್ದಿಗೆ ದಾರಿ ಮಾಡಿಕೊಳ್ಳಬಹುದು. ಮೆಲುದನಿ ಮೈಕಿನ ಸದ್ದಿನಲ್ಲಿ ಮುಳುಗಿತು ಅಂದರೆ ಅದನ್ನು ಪೂರ್ತಿ ಶುದ್ಧವಾಗಿ ಹೊರತೆಗೆಯೋದು ಕಷ್ಟ.

ಕಂಡೆನ್ಸರ್ ಮೈಕಿನ ಒಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ. ಚಿನ್ನದ ಲೇಪ ಕೊಟ್ಟ ತೆಳ್ಳನೆಯ ಒಂದು ಪೊರೆ. ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಲೋಹದ ಬಿಲ್ಲೆ. ಇವೆರಡರ ನಡುವೆ ವಿದ್ಯುತ್ತಿನ ಒತ್ತಡ ಇರುತ್ತದೆ. ದನಿ ಬಡಿದಾಗ ಪೊರೆ ಅಲುಗುತ್ತದೆ, ಅಂತರ ಹೆಚ್ಚುಕಮ್ಮಿ ಆಗುತ್ತದೆ, ಅದೇ ವಿದ್ಯುತ್ ಸಂಕೇತವಾಗಿ ಹೊರಗೆ ಬರುತ್ತದೆ. ಸಭೆ ಸಮಾರಂಭಗಳಲ್ಲಿ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ಆ ಭಾರವನ್ನೂ ಹೊತ್ತು ಅಲುಗಬೇಕು. ಕಂಡೆನ್ಸರಿನ ಪೊರೆಗೆ ಆ ಭಾರ ಇಲ್ಲ. ಹಾಗಾಗಿಯೇ ವೀಣೆಯ ತಂತಿ ಮೀಟಿದ ಮೊದಲ ಕ್ಷಣದ ಸದ್ದು, ಗಮಕದ ಕೊನೆಯ ಎಳೆ, ಎಲ್ಲವೂ ಅದಕ್ಕೆ ಸಿಗುತ್ತದೆ.

ಅಮೆರಿಕದ ವೆಂಟೆ ಎಂಬ ಎಂಜಿನಿಯರ್ 1916ರಲ್ಲಿ ಇಂಥ ಮೈಕನ್ನು ರೂಪಿಸಿದರು. 1928ರಲ್ಲಿ ಬರ್ಲಿನ್ನಿನಲ್ಲಿ ನೋಯ್ಮನ್ ಕಂಪನಿ ಇದನ್ನು ತಯಾರಿಸಿ ಮಾರಲು ಶುರು ಮಾಡಿತು. ಈಗಿನ ಇಂಥ ಮೈಕಿಗೆ ಸಾಮಾನ್ಯವಾಗಿ ಹೊರಗಿನಿಂದ 48 ವೋಲ್ಟ್ ಕೊಡಬೇಕು. ಅದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಈ 48ರ ಹಿಂದೆ ಒಂದು ಬಾನುಲಿಯ ಕಥೆ ಇದೆ. 1966ರಲ್ಲಿ ನೋಯ್ಮನ್‌ನವರು ನಾರ್ವೆಯ ಬಾನುಲಿಗೆ ಮೈಕ್ ಮಾಡಿಕೊಟ್ಟರು. ಚಳಿಗಾಲದಲ್ಲಿ ಅಲ್ಲಿ ಬೆಳಕು ಬಹಳ ಕಮ್ಮಿ. ಕರೆಂಟು ಹೋದರೆ ಅಂತ ಸ್ಟುಡಿಯೋಗಳಲ್ಲಿ 48 ವೋಲ್ಟಿನ ದೀಪದ ವ್ಯವಸ್ಥೆ ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿಕೊಂಡರು. ಇವತ್ತು ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ, ಅಂದರೆ ನಿಮ್ಮ ಆಡಿಯೋ ಇಂಟರ್ಫೇಸಿನ ಮೇಲೆ 48 ಅಂತ ಬರೆದ ಗುಂಡಿ ಇರುತ್ತಲ್ಲ, ಅದು ಬಂದದ್ದು ಅಲ್ಲಿಂದ.

ಈಗ ನನ್ನ ಸುಂಯ್ ಸದ್ದಿನ ವಿಷಯ. ಮೈಕಿನ ಜೊತೆ ಕೊಡುವ ಹಾಳೆಯಲ್ಲಿ ಸೆಲ್ಫ್ ನಾಯ್ಸ್, ಅಂದರೆ ಮೈಕಿನದೇ ಸದ್ದು, ಅಂತ ಒಂದು ಅಂಕಿ ಇರುತ್ತದೆ. ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. ಕಮ್ಮಿ ಇದ್ದಷ್ಟೂ ಒಳ್ಳೆಯದು. ರೋಡ್ ಕಂಪನಿಯ ಎನ್‌ಟಿ1-ಎ ಮೈಕಿಗೆ ಅದು 5. ಆಡಿಯೋ ಟೆಕ್ನಿಕಾ ಎಟಿ2035ಕ್ಕೆ 12. ಅದೇ ಕಂಪನಿಯ ಎಟಿ2020ಕ್ಕೆ 20. ಹತ್ತು ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರಾದಂತೆ ಕೇಳುತ್ತದೆ. ಬಾಯಿ ಹತ್ತಿರ ಇಟ್ಟು ಗಟ್ಟಿಯಾಗಿ ಹಾಡುವವರಿಗೆ 20 ಇದ್ದರೂ ತೊಂದರೆ ಗೊತ್ತಾಗುವುದಿಲ್ಲ. ವೀಣೆಗೆ, ತಂಬೂರಿಗೆ, ನಮ್ಮ ಅತ್ತೆಯಂಥವರ ಹಾಡಿಗೆ ಗೊತ್ತಾಗುತ್ತದೆ. ಹಾಗಂತ ಈ ಅಂಕಿಯೊಂದನ್ನೇ ಹಿಡಿದು ಕೂರಬೇಡಿ. ಜಗತ್ತಿನ ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲಿರುವ ನೋಯ್ಮನ್ ಯು87ಕ್ಕೂ ಅದು 12ರ ಆಸುಪಾಸೇ. ಮನೆಯಲ್ಲಿ ವೀಣೆ ಇದ್ದರೆ 12ನ್ನು ದಾಟದಿರುವುದು ಒಳ್ಳೆಯದು ಅನ್ನುವುದು ನನ್ನ ಅನುಭವ.

ಎರಡನೆಯದು ಮೈಕಿನ ಸ್ವಭಾವ. ಕೆಲವು ಮೈಕುಗಳು ಮೇಲಿನ ಸ್ವರಗಳನ್ನು ಹೊಳಪು ಮಾಡಿ ಕೊಡುತ್ತವೆ. ಅಂಗಡಿಯಲ್ಲಿ ಕೇಳಿದ ತಕ್ಷಣ ಆಹಾ ಅನ್ನಿಸುತ್ತದೆ. ಮನೆಗೆ ತಂದು ಪಿಟೀಲಿಗೆ ಇಟ್ಟರೆ ಕಿವಿ ಕೊರೆಯುತ್ತದೆ. ಕನ್ನಡದಲ್ಲಿ ಸ, ಶ, ಷ ಜಾಸ್ತಿ, ಅಲ್ವಾ? ಆ ಅಕ್ಷರ ಬಂದಾಗೆಲ್ಲ ಚುಚ್ಚಿದ ಹಾಗೆ ಆಗುತ್ತದೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಪರೀಕ್ಷೆ ಇದೆ. ಮೈಕಿನ ಮುಂದೆ ಸಕಲೇಶಪುರ ಅಂತ ಹೇಳಿ ರೆಕಾರ್ಡ್ ಮಾಡಿ. ಸ ಇದೆ, ಶ ಇದೆ, ಪ ಇದೆ. ಸ ಮತ್ತು ಶ ಬೇರೆ ಬೇರೆಯಾಗಿ, ಚುಚ್ಚದೆ ಕೇಳಬೇಕು. ಪ ಬಂದಾಗ ಧಪ್ ಅನ್ನಬಾರದು. ಧಪ್ ಅಂದರೆ ಅದು ಉಸಿರು ಬಡಿದ ಸದ್ದು. ಬಾಯಿಯ ಮುಂದೆ ಪಾಪ್ ಫಿಲ್ಟರ್, ಅಂದರೆ ಉಸಿರು ತಡೆಯುವ ಜಾಲರಿ, ಇಟ್ಟರೆ ನಿಲ್ಲುತ್ತದೆ. ಸ ಚುಚ್ಚಿದರೆ ಮೈಕನ್ನು ಸ್ವಲ್ಪ ಓರೆ ಮಾಡಿ ನೋಡಿ. ಆಗಲೂ ಚುಚ್ಚಿದರೆ ಆ ಮೈಕ್ ನಿಮ್ಮ ದನಿಗೆ ಅಲ್ಲ. ಹೊಳಪಿಲ್ಲದ, ಸಮತೂಕದ ಮೈಕ್ ಮೊದಲಿಗೆ ಸಪ್ಪೆ ಅನ್ನಿಸಬಹುದು. ಹತ್ತು ಥರದ ಸದ್ದಿಗೆ ಒದಗುವುದು ಅದೇ.

ಒಂದು ಇಂಚಿನ ದೊಡ್ಡ ಪೊರೆಯ ಮೈಕೋ, ಅರ್ಧ ಇಂಚಿನ ಸಣ್ಣದೋ ಅಂತಲೂ ಕೇಳುತ್ತಾರೆ. ವಾದ್ಯ ಮಾತ್ರ ಇದ್ದರೆ ಸಣ್ಣದು. ಹಾಡೂ ಇದೆ, ಇರುವುದು ಒಂದೇ ಮೈಕ್ ಅಂದರೆ ದೊಡ್ಡದು.

ಮೈಕಿನ ಮೈಮೇಲೆ ಎರಡು ಪುಟ್ಟ ಸ್ವಿಚ್ ಇದ್ದರೆ ಬಹಳ ಉಪಯೋಗ. ಒಂದು ಪ್ಯಾಡ್. ಒತ್ತಿದರೆ ಸದ್ದು 10 ಡೆಸಿಬಲ್ ತಗ್ಗುತ್ತದೆ. ಮೃದಂಗಕ್ಕೆ, ಡೊಳ್ಳಿಗೆ ಅದು ಬೇಕು. ಇನ್ನೊಂದು ಲೋ ಕಟ್. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದನ್ನು ಇಳಿಸುತ್ತದೆ. ಬೆಂಗಳೂರು ಮಂಗಳೂರು ಹೆದ್ದಾರಿ ಪಕ್ಕದಲ್ಲಿ ಮನೆ ಇದ್ದರೆ ಲಾರಿ ಹೋದಾಗ ನೆಲ ಅದುರುತ್ತದಲ್ಲ, ಆ ಅದುರು ಸ್ಟ್ಯಾಂಡಿನ ಮೂಲಕ ಮೈಕಿಗೆ ಹತ್ತುತ್ತದೆ. ಗಂಡು ದನಿಯ ಮಂದ್ರಕ್ಕೆ ಈ ಸ್ವಿಚ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಕೇಳಿ. ಕೊಳಲಿಗೆ ಧೈರ್ಯವಾಗಿ ಹಾಕಿ. ಎಟಿ2035ರಲ್ಲಿ ಎರಡೂ ಸ್ವಿಚ್ ಇವೆ. ಎನ್‌ಟಿ1-ಎನಲ್ಲಿ ಎರಡೂ ಇಲ್ಲ.

ಇನ್ನು ಮೈಕ್ ಯಾವ ಕಡೆಯಿಂದ ಕೇಳಿಸಿಕೊಳ್ಳುತ್ತದೆ ಅನ್ನುವುದು. ಸಾಮಾನ್ಯ ಮೈಕ್ ಮುಂದಿನದನ್ನು ಕೇಳುತ್ತದೆ, ಹಿಂದಿನದನ್ನು ಬಿಡುತ್ತದೆ. ಅದು ಕಾರ್ಡಿಯಾಯ್ಡ್. ಸ್ವಲ್ಪ ಜಾಸ್ತಿ ದುಡ್ಡು ಹಾಕಿದರೆ ರೋಡ್ ಎನ್‌ಟಿ2-ಎ ಥರದ ಮೈಕಿನಲ್ಲಿ ಮೂರು ಬಗೆ ಸಿಗುತ್ತದೆ. ಎರಡನೆಯದು ಹಿಂದೆ ಮುಂದೆ ಎರಡೂ ಕಡೆ ಕೇಳುತ್ತದೆ, ಪಕ್ಕವನ್ನು ಬಿಡುತ್ತದೆ. ಅಕ್ಕತಂಗಿಯರು ಎದುರುಬದುರು ಕೂತು ಹಾಡಲಿ, ನಡುವೆ ಇದೊಂದೇ ಮೈಕ್ ಸಾಕು. ಮೂರನೆಯದು ಸುತ್ತಲೂ ಕೇಳುತ್ತದೆ. ಸೋಬಾನೆಯವರು ಐದಾರು ಜನ ಸುತ್ತ ಕೂತರೆ ಇದಕ್ಕಿಂತ ಚೆನ್ನಾಗಿ ಬೇರೆ ಯಾವುದೂ ಹಿಡಿಯುವುದಿಲ್ಲ. ಒಬ್ಬರೇ ಹಾಡುವವರು ಈ ಖರ್ಚು ಮಾಡಬೇಡಿ. ನಾಲ್ಕು ಜನರನ್ನು ಕೂರಿಸಿ ಜನಪದ ಹಾಡು ಉಳಿಸಬೇಕೆಂದಿರುವವರು ಖಂಡಿತ ಮಾಡಿ.

ಎಲ್ಲಿ ಇಡಬೇಕು? ಹಾಡುವವರಿಗೆ ಒಂದು ಗೇಣು ದೂರ. ಇನ್ನೂ ಹತ್ತಿರ ಬಂದರೆ ದನಿ ದಪ್ಪಗಾಗುತ್ತದೆ, ಅಕ್ಷರ ಮಸುಕಾಗುತ್ತದೆ. ವೀಣೆಗೆ ಒಂದು ಮೊಳ ದೂರ, ಕೊಡದ ಮೇಲೆ ತಂತಿ ಹೊತ್ತಿರುವ ಕುದುರೆಯ ಕಡೆಗೆ ಮುಖ ಮಾಡಿ. ನುಡಿಸುವವರ ಮೂಗಿನ ನೇರಕ್ಕೆ ಬೇಡ, ಅವರ ಉಸಿರೂ ದಾಖಲಾಗುತ್ತದೆ. ಪಿಟೀಲಿಗೆ ಮೇಲಿನಿಂದ, ಒಂದೂವರೆ ಮೊಳ. ಕೊಳಲಿಗೆ ಊದುವ ರಂಧ್ರದ ಎದುರು ಬೇಡವೇ ಬೇಡ. ಮೇಲೆ, ಬೆರಳುಗಳ ಕಡೆಗೆ ಇಡಿ.

ಇಷ್ಟು ಮಾಡಿದರೂ ಕೋಣೆ ಬರಿಗೋಡೆಯದಾದರೆ ದನಿ ಗುಂಯ್‌ಗುಡುತ್ತದೆ. ಹಾಡುವವರ ಬೆನ್ನ ಹಿಂದೆ ಎರಡು ಕಂಬಳಿ ಮಡಿಸಿ ತೂಗುಹಾಕಿ. ಕುರಿ ಉಣ್ಣೆಯ ಕರಿ ಕಂಬಳಿ. ನಾನು ಬೇರೆ ಏನೇನೋ ತಂದು ನೋಡಿದೆ, ಮನೆಯಲ್ಲಿದ್ದ ಕಂಬಳಿಯಷ್ಟು ಕೆಲಸ ಮಾಡಿದ್ದು ಕಮ್ಮಿ.

ಮಲೆನಾಡಿನ ಕಡೆಯವರು ಒಂದು ಮಾತು ನೆನಪಿಡಿ. ಕಂಡೆನ್ಸರ್ ಮೈಕಿಗೆ ಥಂಡಿ ಒಗ್ಗುವುದಿಲ್ಲ. ಅರಸೀಕೆರೆಯಲ್ಲಿ ವರ್ಷಗಟ್ಟಲೆ ನಡೆಯುವ ಮೈಕ್ ಸಕಲೇಶಪುರದ ಒಂದು ಮಳೆಗಾಲಕ್ಕೆ ಪಟಪಟ ಅನ್ನಲು ಶುರು ಮಾಡಬಹುದು. ಪೊರೆಯ ಹತ್ತಿರ ತೇವ ಕೂತರೆ ವಿದ್ಯುತ್ತು ಸೋರುತ್ತದೆ, ಅದಕ್ಕೇ ಆ ಸದ್ದು. ಕೆಲಸ ಮುಗಿದ ಮೇಲೆ ಸ್ಟ್ಯಾಂಡಿನಲ್ಲೇ ಬಿಡಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಪೊಟ್ಟಣವನ್ನು ಆಗಾಗ ಬದಲಿಸಿ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಧೂಳು ಪೊರೆಗೆ ಕೂರುತ್ತದೆ. ಪಟಪಟ ಶುರುವಾದರೆ ಡಬ್ಬಿಯಲ್ಲೇ ಎರಡು ದಿನ ಬಿಟ್ಟು ಮತ್ತೆ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹೆಂಚಿನ ಮೇಲೆ ಮಳೆ ಬೀಳುವಾಗ ಯಾವ ಮೈಕೂ ಏನೂ ಮಾಡಲಾರದು. ಮಳೆ ಬಿಟ್ಟ ಹೊತ್ತು ನೋಡಿಕೊಂಡು ಮನೆಯ ಹಿರಿಯರನ್ನು ಕೂರಿಸಿ. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ. ಅವರು ಎಷ್ಟು ಮೆಲ್ಲಗೆ ಹಾಡುತ್ತಾರೋ ಅಷ್ಟೇ ಮೆಲ್ಲಗೆ ಹಾಡಲಿ. ಜೋರಾಗಿ ಹೇಳಿ ಅಂತ ಅವರನ್ನು ಒತ್ತಾಯ ಮಾಡಬೇಡಿ.

ನಮಸ್ಕಾರ.