ಕೈ ಹಿಂದಕ್ಕೆ ಕಟ್ಟಿಕೊಳ್ಳುವ ವಿದ್ಯೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಈ ಮಳೆಯಲ್ಲಿ, ಅದೂ ಭಾನುವಾರ ಬೆಳಗ್ಗೆ, ಸಂಬಳವಿಲ್ಲದ ಕೆಲಸಕ್ಕೆ ಹೆಸರು ಕೊಡಲು ಇಷ್ಟು ಜನ ಬಂದಿದ್ದೀರಿ. ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಆಗುವವರಿಗೆ ಹೇಳಬೇಕಾದದ್ದು ಒಂದೇ: ಕೈ ಹಿಂದಕ್ಕೆ ಕಟ್ಟಿಕೊಳ್ಳಿ, ಮಕ್ಕಳೇ ಮಾಡಲಿ. ಇಲ್ಲಿ ಮುಕ್ಕಾಲು ಪಾಲು ಮೇಷ್ಟ್ರುಗಳು, ಟೀಚರುಗಳು. ಸೀಮೆಸುಣ್ಣ ಹಿಡಿದು ಪಳಗಿದ ಕೈಗೆ ಇದು ಕಷ್ಟ.

ಸ್ಕೌಟಿಂಗ್ ಶುರುವಾದ 1907ರ ಬ್ರೌನ್‌ಸೀ ಶಿಬಿರ ನಿಮಗೆ ಬಾಯಿಪಾಠ. ಅದಕ್ಕೂ ಹಿಂದಿನ ಮಾಫೆಕಿಂಗ್ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ಕೈಲಿದ್ದ ಆ ಊರನ್ನು 1899ರ ಅಕ್ಟೋಬರಿನಲ್ಲಿ ಡಚ್ ಮೂಲದ ಬೋಯರರು ಮುತ್ತಿದರು. 217 ದಿನ ಮುತ್ತಿಗೆ. ಒಳಗಿದ್ದ ಸೈನಿಕರು ಕಾವಲಿಗೇ ಸಾಲದು, ಓಲೆ ಒಯ್ಯುವವರು ಯಾರು? ಊರಿನ ಹುಡುಗರು. ಆ ತಂಡವೂ ಅಲ್ಲಿನ ಸೇನೆಯ ಮುಖ್ಯಸ್ಥ, ಮುಂದೆ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ಲರದೇ ಕೈಕೆಲಸ ಅಂತ ನಾವು ಭಾಷಣದಲ್ಲಿ ಬಿಡುತ್ತೇವೆ. ನೋಡಿಕೊಂಡದ್ದು ಅವರ ಕೈಕೆಳಗಿನ ಎಡ್ವರ್ಡ್ ಸೆಸಿಲ್. ಹುಡುಗರಿಗೆ ಮುಖಂಡ ಇನ್ನೊಬ್ಬ ಹುಡುಗ, ಗುಡ್‌ಇಯರ್ ಅಂತ. ಮೊದಲು ಕತ್ತೆ ಏರಿ ಓಡಾಡಿದರು. ಮುತ್ತಿಗೆ ಮುಗಿಯಲೊಲ್ಲದು, ದವಸ ಕರಗಿತು, ಕತ್ತೆಗಳು ಅಡುಗೆ ಪಾತ್ರೆ ಸೇರಿದವು! ಹುಡುಗರು ಸೈಕಲ್ ಹತ್ತಿದರು. ಯುದ್ಧಕ್ಕೆ ಮಕ್ಕಳನ್ನು ಹಚ್ಚಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕತ್ತೆ ಹೋದಾಗ ಸೈಕಲ್ ಹತ್ತುವ ಹುಡುಗ ನಮ್ಮ ದಳದಲ್ಲಿ ಯಾಕೆ ಕಾಣುವುದಿಲ್ಲ? ಸೈಕಲ್ಲನ್ನೂ ನಾವೇ ತುಳಿಯುತ್ತಿದ್ದೇವೆ.

ಇನ್ನು ಪೆಟ್ರೋಲ್. ಬಂಕಿನದ್ದಲ್ಲ, ನಮ್ಮದು: ದಳದೊಳಗಿನ ಪುಟ್ಟ ಗುಂಪು. 24 ಮಕ್ಕಳಿದ್ದರೆ ಆರಾರು ಜನರ ನಾಲ್ಕು, ಇಲ್ಲವೇ ಎಂಟೆಂಟರ ಮೂರು. ಹತ್ತಾದರೆ ಇಬ್ಬರು ಸುಮ್ಮನೆ ನಿಲ್ಲುತ್ತಾರೆ. ನಾಲ್ಕಾದರೆ ಇಬ್ಬರಿಗೆ ಜ್ವರ ಬಂದ ದಿನ ಪೆಟ್ರೋಲೇ ಇಲ್ಲ. ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಬೇಡಿ, ಗೆಳೆತನ ನೋಡಿ ಹಂಚಿ. ಹೊಸ ಗಂಟನ್ನು ಪೆಟ್ರೋಲ್ ಲೀಡರುಗಳಿಗೆ ಮಾತ್ರ ಕಲಿಸಿ, ಅವರು ತಮ್ಮವರಿಗೆ ಕಲಿಸಲಿ. ತಪ್ಪು ಕಲಿಸುತ್ತಾರೆ, ಖಂಡಿತ. ಕೈ ಹಿಂದಕ್ಕೆ! ಆಮೇಲೆ ಲೀಡರನ್ನು ಬದಿಗೆ ಕರೆದು ತಿದ್ದಿ. ಅವನ ಹುಡುಗರೆದುರು ತಿದ್ದಿದಿರೋ, ಅಂದಿಗೆ ಅವನ ಲೀಡರಿಕೆ ಮುಗಿಯಿತು.

ಹಗ್ಗದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಗುವಿಗೆ 3 ಮೀಟರ್ ನೂಲಿನ ಹಗ್ಗ ಕೊಡಿ, ತುದಿಗೆ ದಾರ ಸುತ್ತಿಸಿ. ನೀಲಿ ಪ್ಲಾಸ್ಟಿಕ್ ಹಗ್ಗ ಅಗ್ಗ, ಆದರೆ ಜಾರುತ್ತದೆ. ಎರಡು ತುದಿ ಸೇರಿಸುವ ರೀಫ್ ನಾಟ್ ಗಂಟು ಬಿಚ್ಚಿಕೊಂಡರೆ ಮಗು ತನ್ನ ತಪ್ಪು ಅಂದುಕೊಳ್ಳುತ್ತದೆ. ಶಿಬಿರದ ಹೆಬ್ಬಾಗಿಲಿಗೆ ಚೌಕಕಟ್ಟು, ಅಂದರೆ ಅಡ್ಡಡ್ಡ ಇಟ್ಟ ಎರಡು ಗಳ ಬಿಗಿಯುವ ಕಟ್ಟು: ನಿಂತ ಗಳಕ್ಕೆ, ಅಡ್ಡಗಳದ ಕೆಳಗೆ ಕ್ಲೋವ್ ಹಿಚ್ ಗಂಟು, ಎರಡೂ ಗಳ ಸೇರಿಸಿ ಮೂರು ಸುತ್ತು, ಪ್ರತಿ ಸುತ್ತಿಗೂ ಜಗ್ಗಬೇಕು, ಗಳಗಳ ನಡುವೆ ಆ ಸುತ್ತುಗಳನ್ನೇ ಬಿಗಿಯುವ ಎರಡು ಸುತ್ತು, ಅಡ್ಡಗಳಕ್ಕೆ ಕ್ಲೋವ್ ಹಿಚ್ ಹಾಕಿ ಮುಗಿತಾಯ. ಬಾಗಿಲು ವಾಲಿದರೆ ಗಂಟನ್ನು ಬೈಯಬೇಡಿ. ನಡುವಿನ ಸುತ್ತು ಬಿಟ್ಟಿರುತ್ತಾರೆ, ಇಲ್ಲವೇ ಬಿದಿರು ಹಸಿ. ತೋಟದಿಂದ ಆಗಷ್ಟೇ ಕಡಿದು ತಂದ ಬಿದಿರು ಒಣಗುತ್ತ ಕುಗ್ಗುತ್ತದೆ, ಕಟ್ಟು ಸಡಿಲವಾಗುತ್ತದೆ. ಡೇರೆಯದು ಇದರ ತಿರುವುಮುರುವು: ನೂಲಿನ ಹಗ್ಗ ಇಬ್ಬನಿ ಕುಡಿದು ಬಿಗಿದು ನಡುರಾತ್ರಿ ಗೂಟ ಕೀಳುತ್ತದೆ. ಮಲಗುವ ಮುಂಚೆ ಸಡಿಲಿಸಬೇಕು. ನೈಲಾನಾದರೆ ಒದ್ದೆಯಾಗಿ ಜೋಲುತ್ತದೆ, ಬಿಗಿಯಬೇಕು. ಇದನ್ನು ನೋಡಬೇಕಾದದ್ದು ಲೀಡರ್, ಟಾರ್ಚ್ ಹಿಡಿದ ನೀವಲ್ಲ.

ಅಡುಗೆಯಲ್ಲೂ ಅಷ್ಟೇ. ಎಂಟು ಮಕ್ಕಳಿಗೆ ಒಂದು ಕೆಜಿ ಅಕ್ಕಿ. ಪಾತ್ರೆಯ ಹೊರಮೈಗೆ ಮೊದಲೇ ತೆಳುವಾಗಿ ಕೆಸರು ಬಳಿಸಿ, ಮಸಿ ತೊಳೆಯುವುದು ಸಲೀಸು. ತಳ ಹಿಡಿದ ಅನ್ನವನ್ನು ಒಂದು ಹೊತ್ತು ಉಂಡವರು ಮರುದಿನ ಉರಿ ಸಣ್ಣಗೆ ಮಾಡುತ್ತಾರೆ. ಸೌಟು ಕಸಿಯಬೇಡಿ. ಆದರೆ ಗಂಜಿ ಬಸಿಯುವಾಗ ನಿಮ್ಮ ಕೈ ಮುಂದೆ ಬರಲೇಬೇಕು. ಕುದಿಯುವ ನೀರು, ಹೊಳೆ ಕೆರೆ, ಕತ್ತಿ, ಎತ್ತರ: ಈ ನಾಲ್ಕರಲ್ಲಿ ನನ್ನ ಮಾತು ಮರೆತುಬಿಡಿ.

ಚೀಟಿ ಬಂತು. ಅಧ್ಯಕ್ಷರೇ, ಎರಡೇ ನಿಮಿಷ.

ಚಾರಣ: ಮುಳ್ಳಯ್ಯನಗಿರಿಗೆ ಹೊರಟರೆ ಪೋಷಕರ ಒಪ್ಪಿಗೆ ಪತ್ರ, ಕನಿಷ್ಠ ಇಬ್ಬರು ದೊಡ್ಡವರು, ಗೈಡ್ ಹುಡುಗಿಯರಿದ್ದರೆ ಮಹಿಳೆ ಇರಲೇಬೇಕು. ತಲೆ ಎಣಿಕೆ ಪ್ರತಿ ನಿಲ್ದಾಣದಲ್ಲೂ, ಎಣಿಸುವವರು ಲೀಡರುಗಳು. ಇಂಬಳ, ಅಂದರೆ ಜಿಗಣೆ, ಕಚ್ಚಿದರೆ ಬೆಂಕಿ ಮುಟ್ಟಿಸಬೇಡಿ. ಉಗುರಿನಿಂದ ಜಾರಿಸಿ, ತೊಳೆದು, ಬಟ್ಟೆ ಒತ್ತಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಬಹಳ ಹೊತ್ತಿನ ತನಕ ಸೋರುತ್ತದೆ. ಇದನ್ನು ಪೇಟೆಯಿಂದ ಬಂದ ಪೋಷಕರಿಗೆ ಮೊದಲೇ ಹೇಳಿ.

ಲೆಕ್ಕಪತ್ರ, ಸಮವಸ್ತ್ರ, ಸೋಪಾನಗಳ, ಅಂದರೆ ಮಕ್ಕಳು ಏರುವ ದರ್ಜೆಗಳ, ಪರೀಕ್ಷೆ ಮಧ್ಯಾಹ್ನಕ್ಕೆ. ಹೊರಗೆ ಜಗಲಿಯಲ್ಲಿ ಆರು ಗಳ, ಹಗ್ಗ ಇಟ್ಟಿದ್ದೇವೆ. ಊಟದ ಗಂಟೆ ಹೊಡೆಯುವ ಮುಂಚೆ ಎಲ್ಲರೂ ಒಂದೊಂದು ಚೌಕಕಟ್ಟು ಹಾಕಿ. ಪಕ್ಕದವರದ್ದು ತಪ್ಪಿದರೆ ಗೊತ್ತಲ್ಲ, ಕೈ ಎಲ್ಲಿರಬೇಕು ಅಂತ.