ಒಂದೇ ಗೇಟು, ಬೇರೆ ಬೇರೆ ಪಂಕ್ತಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ಅಲ್ವಾ?

ಅಮೆರಿಕದಲ್ಲಿ ಮನೆ ಹುಡುಕುತ್ತಿರುವ ನಮ್ಮವರನ್ನು ಮಾತಾಡಿಸಿ ನೋಡಿ. ಎಷ್ಟು ರೂಮು, ಬಾಗಿಲು ಯಾವ ದಿಕ್ಕಿಗೆ ಅನ್ನುವುದೆಲ್ಲ ಆಮೇಲೆ. ಮೊದಲ ಪ್ರಶ್ನೆ, 'ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು?' ಅಂದರೆ, ಆ ಮನೆ ಯಾವ ಸರ್ಕಾರಿ ಶಾಲೆಗಳ ವ್ಯಾಪ್ತಿಗೆ ಸೇರುತ್ತದೆ ಅಂತ. ಅಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ. ಆದರೆ ಮಗು ಯಾವ ಶಾಲೆಗೆ ಹೋಗಬೇಕು ಅನ್ನುವುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ತೀರ್ಮಾನ ಮಾಡುತ್ತದೆ. ಡೊನೇಷನ್ನು ಮನೆಯ ಬೆಲೆಯೊಳಗೇ ಅಡಗಿ ಕೂತಿರುತ್ತದೆ ಅನ್ನಿ.

ಇವತ್ತು ಅಂಥ ಒಂದು ಶಾಲೆಯ ಕಥೆ ಹೇಳುತ್ತೇನೆ. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಪೂರ್ವಕ್ಕೆ ಶೇಕರ್ ಹೈಟ್ಸ್ ಅಂತ ಒಂದು ಊರು. ಜನಸಂಖ್ಯೆ ಸುಮಾರು 30,000. ಕ್ಲೀವ್‌ಲ್ಯಾಂಡ್ ಅಂದ ಕೂಡಲೇ ಇಲ್ಲಿರುವ ಸಂಗೀತದವರ ಕಿವಿ ನೆಟ್ಟಗಾಗಿರಬೇಕು. 1978ರಿಂದ ಅಲ್ಲಿ ತ್ಯಾಗರಾಜ ಆರಾಧನೆ ನಡೆಯುತ್ತಿದೆ. ಕ್ಷಮಿಸಿ, ನಾವು ಹೋಗುತ್ತಿರುವುದು ಹೈಸ್ಕೂಲಿಗೆ.

ಆ ನೆಲದ ಕಥೆಯೇ ಸ್ವಲ್ಪ ತಮಾಷೆಯದು. 1822ರಲ್ಲಿ ಅಲ್ಲಿ ಶೇಕರ್ ಅನ್ನುವ ಕ್ರೈಸ್ತ ಪಂಥದವರು ಬಂದು ನೆಲೆಸಿದರು. ಪ್ರಾರ್ಥನೆ ಮಾಡುತ್ತಾ ಮೈ ಅದುರಿಸಿ ಕುಣಿಯುತ್ತಿದ್ದರು, ಅದಕ್ಕೇ ಆ ಹೆಸರು. ಆಸ್ತಿ ಎಲ್ಲರದ್ದು, ಬ್ರಹ್ಮಚರ್ಯವೂ ಎಲ್ಲರಿಗೂ. ಮಕ್ಕಳೇ ಹುಟ್ಟದಿದ್ದರೆ ಊರು ಉಳಿಯುವುದು ಹೇಗೆ? 1889ರಲ್ಲಿ ಬಾಗಿಲು ಹಾಕಿದರು. ಆಮೇಲೆ ಆ ಜಾಗಕ್ಕೆ ಬಂದವರು ವ್ಯಾನ್ ಸ್ವೆರಿಂಗನ್ ಅಣ್ಣತಮ್ಮಂದಿರು, ರಿಯಲ್ ಎಸ್ಟೇಟ್ ಕುಳಗಳು. ಇವರೂ ಕೊನೆಯವರೆಗೆ ಮದುವೆಯಾಗಲಿಲ್ಲ! ಹೀಗೆ ಮಕ್ಕಳಿಲ್ಲದವರೇ ಕೈಯಿಟ್ಟ ನೆಲ ಹೆಸರಾದದ್ದು ಶಾಲೆಗಳಿಂದ.

ಅಣ್ಣತಮ್ಮಂದಿರು ನಕ್ಷೆ ಹಾಕಿ ಊರು ಕಟ್ಟಿದರು. ಬಳುಕುವ ರಸ್ತೆಗಳು, ಮಕ್ಕಳು ನಡೆದು ಹೋಗುವಷ್ಟು ಹತ್ತಿರದಲ್ಲಿ ಪ್ರಾಥಮಿಕ ಶಾಲೆಗಳು, 1920ರಲ್ಲಿ ನಗರಕ್ಕೆ ರೈಲು. ಮನೆಯ ಕ್ರಯಪತ್ರದಲ್ಲಿ ನೂರೆಂಟು ಷರತ್ತು. ಅದರಲ್ಲಿ ಒಂದು ಬಹಳ ಜಾಣತನದ್ದು: ಮನೆ ಮಾರಬೇಕಾದರೆ ಕಂಪನಿಯದೋ ಅಕ್ಕಪಕ್ಕದವರದೋ ಒಪ್ಪಿಗೆ ಬೇಕು. ಕಪ್ಪು ಜನಾಂಗದವರಿಗೆ ಇಲ್ಲ, ಯಹೂದಿಗಳಿಗೆ ಇಲ್ಲ ಅಂತ ಅದರಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ. ಊರಕಡೆ ಇಂಥದ್ದನ್ನು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಈಗಿನ ಹೈಸ್ಕೂಲು ಕಟ್ಟಡ 1931ರದು. ಕೆಂಪು ಇಟ್ಟಿಗೆಯದು. ಮುಂದೆ ಮೊಟ್ಟೆಯಾಕಾರದ ಹುಲ್ಲುಹಾಸು, ಮಕ್ಕಳ ಬಾಯಲ್ಲಿ ಅದು 'ಓವಲ್'. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಪಾಠ. ನಟ ಪಾಲ್ ನ್ಯೂಮನ್ 1943ರಲ್ಲಿ ಇಲ್ಲಿಂದಲೇ ಪಾಸಾಗಿ ಹೋದದ್ದು. ಈ ಕಟ್ಟಡದಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಅಣ್ಣತಮ್ಮಂದಿರ ಸಾಮ್ರಾಜ್ಯ ಮುಳುಗಿತು. ಒಬ್ಬರು 1935ರಲ್ಲಿ, ಇನ್ನೊಬ್ಬರು 1936ರಲ್ಲಿ ತೀರಿಕೊಂಡರು.

ಶಾಲೆಗೆ ದುಡ್ಡು ಎಲ್ಲಿಂದ? ಬಹುಪಾಲು ಮನೆ ಕಂದಾಯದಿಂದ. ಒಹಾಯೊದಲ್ಲಿ 1976ರ ಒಂದು ಕಾನೂನಿದೆ. ಮನೆ ಬೆಲೆ ಏರಿತು ಅಂತ ಮತದಾರರು ಒಪ್ಪಿದ ಶಾಲಾ ತೆರಿಗೆಯ ಮೊತ್ತ ತಾನಾಗಿ ಏರುವಂತಿಲ್ಲ. ಖರ್ಚು ಮಾತ್ರ ಏರುತ್ತಲೇ ಇರುತ್ತದಲ್ಲ? ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಶಾಲಾ ಮಂಡಳಿ ಜನರ ಮುಂದೆ ನಿಂತು, ತೆರಿಗೆ ಹೆಚ್ಚಿಸೋಣವೇ ಅಂತ ಮತ ಕೇಳಬೇಕು. ಇದಕ್ಕೆ 'ಲೆವಿ' ಅನ್ನುತ್ತಾರೆ. ಮನೆ ಮುಂದೆ ಬೋರ್ಡು ನೆಡುವುದು, ಬಾಗಿಲು ತಟ್ಟುವುದು, ಥೇಟ್ ನಮ್ಮ ಪಂಚಾಯಿತಿ ಎಲೆಕ್ಷನ್. ಈ ಮನೆ ಕಂದಾಯವನ್ನೇ ನೆಚ್ಚಿಕೊಂಡ ವ್ಯವಸ್ಥೆ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟು 1997ರಲ್ಲೇ ಹೇಳಿತು. ಲೆವಿ ನಿಂತಿಲ್ಲ. ಶೇಕರ್ ಹೈಟ್ಸಿನ ಮನೆ ಕಂದಾಯ ರಾಜ್ಯದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಗೊಣಗುತ್ತಲೇ ಕಟ್ಟುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಜನಾಂಗದ ಹೆಸರಲ್ಲಿ ಹಾಕಿದ ಷರತ್ತುಗಳನ್ನು ಕೋರ್ಟು ಜಾರಿ ಮಾಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಐವತ್ತರ ದಶಕದಲ್ಲಿ ಲಡ್ಲೋ ಅನ್ನುವ ಬಡಾವಣೆಗೆ ಕಪ್ಪು ಕುಟುಂಬಗಳು ಬರತೊಡಗಿದವು. 1956ರ ಜನವರಿಯಲ್ಲಿ ಅಲ್ಲಿ ಒಬ್ಬ ಕಪ್ಪು ವಕೀಲರು ಕಟ್ಟಿಸುತ್ತಿದ್ದ ಮನೆಯ ಗ್ಯಾರೇಜಿಗೆ ಬಾಂಬ್ ಇಟ್ಟರು. ಆಗ ಅಮೆರಿಕದ ಬೇರೆ ಊರುಗಳಲ್ಲಿ ಆಗುತ್ತಿದ್ದುದೇನು? ಒಂದು ಕಪ್ಪು ಕುಟುಂಬ ಬಂತು ಅಂದರೆ ಬ್ರೋಕರುಗಳು ಬಿಳಿಯರ ಮನೆ ಮನೆಗೆ ಹೋಗಿ ಹೆದರಿಸುತ್ತಿದ್ದರು. ಈಗಲೇ ಮಾರಿ, ನಾಳೆ ಬೆಲೆ ಬಿದ್ದುಹೋಗುತ್ತದೆ ಅಂತ. ಅಗ್ಗಕ್ಕೆ ಕೊಂಡು ಕಪ್ಪು ಜನರಿಗೆ ದುಬಾರಿಗೆ ಮಾರುತ್ತಿದ್ದರು. ವರ್ಷಗಳಲ್ಲಿ ಇಡೀ ಬೀದಿ ಬದಲಾಗುತ್ತಿತ್ತು.

ಲಡ್ಲೋದವರು ಹಾಗೆ ಓಡಲಿಲ್ಲ. 1957ರಲ್ಲಿ ಕಪ್ಪು ಬಿಳಿ ಎರಡೂ ಕಡೆಯವರು ಸೇರಿ ಒಂದು ಸಂಘ ಮಾಡಿಕೊಂಡರು. ಒಬ್ಬರ ಮನೆಗೆ ಒಬ್ಬರು ಕಾಫಿಗೆ ಹೋದರು. ಮನೆ ಕೊಳ್ಳಲು ಬರುವ ಬಿಳಿಯರಿಗೆ ಕೈಗಡವಾಗಿ ಸಾಲ ಕೊಟ್ಟರು. ಹೌದು, ಬಿಳಿಯರಿಗೆ! ಬೀದಿ ಪೂರ್ತಿ ಒಂದೇ ಬಣ್ಣಕ್ಕೆ ತಿರುಗಬಾರದು ಅನ್ನುವುದು ಲೆಕ್ಕ. ಅದೇ ಬೀದಿಯಲ್ಲಿ ಮನೆ ಬೇಕೆಂದ ಕಪ್ಪು ಕುಟುಂಬಕ್ಕೆ ಆ ನೆರವಿಲ್ಲ. ಲೆಕ್ಕ ಅರ್ಥವಾಗುತ್ತದೆ. ಆದರೂ ನನಗೆ ಇದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

1970ರಲ್ಲಿ ಶಾಲೆಗಳ ಸರದಿ. ಮೋರ್ಲೆಂಡ್ ಪ್ರಾಥಮಿಕ ಶಾಲೆಯಲ್ಲಿ ಬಹುಪಾಲು ಕಪ್ಪು ಮಕ್ಕಳೇ ಇದ್ದರು. ಅವರನ್ನು ಬಸ್ಸಿನಲ್ಲಿ ಬೇರೆ ಶಾಲೆಗಳಿಗೆ ಕಳಿಸೋಣ ಅಂತ ಮಂಡಳಿ ಹೊರಟಿತು. ಬಸ್ಸು ಒಂದೇ ದಿಕ್ಕಿಗೆ ಯಾಕೆ ಅನ್ನುವ ಪ್ರಶ್ನೆ ಎದ್ದಿತು. ಆಗ ಕೆಲವು ಬಿಳಿಯ ಕುಟುಂಬಗಳು ತಾವಾಗಿ ಮುಂದೆ ಬಂದು ತಮ್ಮ ಮಕ್ಕಳನ್ನು ಮೋರ್ಲೆಂಡಿಗೆ ಕಳಿಸಿದವು. ಬೇರೆ ನಗರಗಳಲ್ಲಿ ಇದೇ ಕೆಲಸಕ್ಕೆ ಕೋರ್ಟು ಆದೇಶ ಬೇಕಾಯಿತು, ಬಸ್ಸಿಗೆ ಕಲ್ಲು ಬಿತ್ತು. ಇಲ್ಲಿ ಅರ್ಜಿ ತುಂಬಿ ಕಳಿಸಿದರು.

ಪ್ರಾಥಮಿಕ ಶಾಲೆ ಯಾವುದೇ ಇರಲಿ, ಕೊನೆಗೆ ಎಲ್ಲರೂ ಬಂದು ಸೇರುವುದು ಆ ಒಂದೇ ಹೈಸ್ಕೂಲಿಗೆ. ಊರಿನ ಬದುಕೂ ಅದರ ಸುತ್ತಲೇ. ತಂಡದ ಹೆಸರು 'ರೆಡ್ ರೇಡರ್ಸ್', ಬಣ್ಣ ಕೆಂಪು ಬಿಳಿ. ಚಳಿಗಾಲಕ್ಕೆ ಮುಂಚೆ ಫುಟ್‌ಬಾಲ್ ಪಂದ್ಯ, ಮೈದಾನದಲ್ಲಿ ಬ್ಯಾಂಡು. 'ಹೋಂಕಮಿಂಗ್' ಅನ್ನುವ ವಾರ್ಷಿಕ ಹಬ್ಬಕ್ಕೆ ಹಳೇ ವಿದ್ಯಾರ್ಥಿಗಳು ಬರುತ್ತಾರೆ. ಮಕ್ಕಳೇ ನಡೆಸುವ 'ಶೇಕರೈಟ್' ಪತ್ರಿಕೆ ಇದೆ, ಅದರ ಬಗ್ಗೆ ಈಗ ಬರುತ್ತೇನೆ. ಹನ್ನೆರಡನೇ ತರಗತಿಯವರು ಕೊನೆಯ ಕೆಲವು ವಾರ ತರಗತಿ ಬಿಟ್ಟು ಹೊರಗೆ ಯಾವುದಾದರೂ ಕೆಲಸ ಕಲಿಯಲು ಹೋಗುತ್ತಾರೆ. 1983ರಲ್ಲಿ ಶುರುವಾದ ಒಂದು ವಿದ್ಯಾರ್ಥಿ ಗುಂಪು ನನಗೆ ತುಂಬಾ ಇಷ್ಟ. ಹೈಸ್ಕೂಲಿನವರು ಚಿಕ್ಕ ಮಕ್ಕಳ ತರಗತಿಗೆ ಹೋಗಿ ಬಣ್ಣ, ಜನಾಂಗ, ಸ್ನೇಹ ಇವುಗಳ ಬಗ್ಗೆ ಆಟ ಆಡಿಸುತ್ತಾ ಮಾತಾಡುತ್ತಾರೆ. ಮೇಷ್ಟ್ರು ಹೇಳಿದರೆ ಕೇಳದ ಮಕ್ಕಳು ಅಕ್ಕ, ಅಣ್ಣ ಹೇಳಿದರೆ ಕಣ್ಣರಳಿಸಿ ಕೇಳುತ್ತವೆ ಅಲ್ವಾ?

ಇಷ್ಟೆಲ್ಲ ಆಯಿತು. ಒಂದೇ ಗೇಟು, ಒಂದೇ ಓವಲ್, ಒಂದೇ ಬ್ಯಾಂಡು. ಆದರೆ ಊಟಕ್ಕೆ ಕೂತಾಗ ಪಂಕ್ತಿ ಬೇರೆ.

ಅದು ಹೇಗೆ ಅಂದರೆ, ಅಲ್ಲಿ ನಮ್ಮ ಹಾಗೆ 'ಎ' ಸೆಕ್ಷನ್, 'ಬಿ' ಸೆಕ್ಷನ್ ಅಂತ ವರ್ಷಪೂರ್ತಿ ಒಂದೇ ಕೊಠಡಿಯಲ್ಲಿ ಕೂರುವುದಿಲ್ಲ. ಗಂಟೆ ಹೊಡೆದಾಗ ಎದ್ದು ಓಡುವುದು ಮಕ್ಕಳು, ಮೇಷ್ಟ್ರಲ್ಲ. ಪ್ರತಿ ಮಗುವಿಗೂ ಬೇರೆ ಟೈಮ್‌ಟೇಬಲ್. ಒಂದೇ ಇಂಗ್ಲಿಷ್ ವಿಷಯಕ್ಕೆ ಸಾಧಾರಣ ಮಟ್ಟ, ಅದರ ಮೇಲೆ ಆನರ್ಸ್, ಅದರ ಮೇಲೆ ಕಾಲೇಜಿಗೆ ಸಮನಾದ 'ಎ.ಪಿ.' ಮಟ್ಟ. ಮೇಲಿನ ಮಟ್ಟದ ಕೊಠಡಿಯಲ್ಲಿ ಹೆಚ್ಚಿನವರು ಬಿಳಿಯರು, ಕೆಳಗಿನದರಲ್ಲಿ ಹೆಚ್ಚಿನವರು ಕಪ್ಪು ಮಕ್ಕಳು. ಕಾರಿಡಾರಿನಲ್ಲಿ ನಿಂತರೆ ಬೆರೆತ ಶಾಲೆ, ಬಾಗಿಲು ಮುಚ್ಚಿದರೆ ಬೇರೆ ಬೇರೆ.

1990ರ ಸುಮಾರಿಗೆ, ಚೆನ್ನಾಗಿ ಓದುವ ಹಿರಿಯ ಕಪ್ಪು ಹುಡುಗರು ಕಿರಿಯರನ್ನು ಜೊತೆಗೆ ಕರೆದುಕೊಂಡು ಬೆಳೆಸುವ ಒಂದು ಗುಂಪು ಹುಟ್ಟಿತು. ಒಳ್ಳೇ ಹೆಸರು ಮಾಡಿತು. ಆದರೂ ಕಪ್ಪು, ಬಿಳಿ ಮಕ್ಕಳ ಅಂಕಗಳ ನಡುವಿನ ಅಂತರ ಮುಚ್ಚಲಿಲ್ಲ. 1997ರಲ್ಲಿ ಶೇಕರೈಟ್ ಪತ್ರಿಕೆ ಅಂಕಗಳ ಈ ಅಂತರವನ್ನು ಅಚ್ಚು ಹಾಕಿಬಿಟ್ಟಿತು. ಊರಲ್ಲಿ ದೊಡ್ಡ ಗಲಾಟೆ. ಕಪ್ಪು ತಂದೆತಾಯಂದಿರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಜಾನ್ ಓಗ್ಬು ಅನ್ನುವ ಮಾನವಶಾಸ್ತ್ರಜ್ಞರನ್ನು ಕರೆಸಿದರು, ಇವರು ನೈಜೀರಿಯಾದಲ್ಲಿ ಹುಟ್ಟಿದವರು. ತಿಂಗಳುಗಟ್ಟಲೆ ನೋಡಿ, ಅವರು 2003ರಲ್ಲಿ ಪ್ರಕಟಿಸಿದ್ದರ ತಿರುಳು ಇಷ್ಟು: ಮಕ್ಕಳೂ ಮನೆಯವರೂ ಓದಿಗೆ ಸಾಕಷ್ಟು ಮನಸ್ಸು ಕೊಡುತ್ತಿಲ್ಲ. ಕರೆಸಿದವರಿಗೇ ಸಿಟ್ಟು ಬಂತು. ಬೇರೆ ವಿದ್ವಾಂಸರೂ ಜಗಳಕ್ಕೆ ನಿಂತರು. ನನ್ನನ್ನು ಕೇಳಿದರೆ, ಮಗುವಿನ ಮನಸ್ಸನ್ನು ನೋಡಿದಷ್ಟೇ ಹತ್ತಿರದಿಂದ ಅದರ ಟೈಮ್‌ಟೇಬಲ್ಲನ್ನೂ ನೋಡಬೇಕಿತ್ತು. ಹತ್ತು ವರ್ಷದ ಮಗುವನ್ನು ಕೆಳಗಿನ ಪಂಕ್ತಿಯಲ್ಲಿ ಕೂರಿಸಿ, ಹದಿನಾರಕ್ಕೆ ಯಾಕೆ ಮನಸ್ಸಿಲ್ಲ ಅಂತ ಕೇಳಿದರೆ ಹೇಗೆ?

2020ರಲ್ಲಿ, ಕೊರೊನಾ ಗದ್ದಲದ ನಡುವೆಯೇ, ಮಂಡಳಿಯವರು ಆ ಮಟ್ಟಗಳನ್ನು ತೆಗೆಯಲು ಶುರು ಮಾಡಿದರು. ಮಧ್ಯದ ತರಗತಿಗಳಲ್ಲಿ, ಒಂಬತ್ತನೇ ತರಗತಿಯಲ್ಲಿ ಬಹಳಷ್ಟು ವಿಷಯಗಳಿಗೆ ಎಲ್ಲ ಮಕ್ಕಳೂ ಒಟ್ಟಿಗೆ. ಮೇಲಿನ ತರಗತಿಗಳಲ್ಲಿ ಎ.ಪಿ. ಹಾಗೇ ಉಳಿಯಿತು. ಬುದ್ಧಿವಂತ ಮಕ್ಕಳ ವೇಗಕ್ಕೆ ಬ್ರೇಕ್ ಬೀಳುತ್ತದೆ ಅಂತ ಕೆಲವರು, ಇದನ್ನು ಐವತ್ತು ವರ್ಷ ಮೊದಲೇ ಮಾಡಬೇಕಿತ್ತು ಅಂತ ಕೆಲವರು. ನಡುವೆ ಸಿಕ್ಕಿಕೊಂಡವರು ಮೇಷ್ಟ್ರುಗಳು. ಒಂದೇ ಕೊಠಡಿಯಲ್ಲಿ ಓಡುವವರನ್ನೂ ನಡೆಯುವವರನ್ನೂ ಒಟ್ಟಿಗೆ ಕರೆದೊಯ್ಯುವುದು ಅವರಲ್ಲಿ ಎಷ್ಟೋ ಜನಕ್ಕೆ ಹೊಸದು.

ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ಕಲಿಸಿದವರು ಇಲ್ಲೇ ಕೂತಿದ್ದೀರಿ. ಆ ಕೆಲಸದ ಬಗ್ಗೆ ನನಗಿಂತ ನಿಮಗೆ ಜಾಸ್ತಿ ಗೊತ್ತು. ಒಂದು ಲೋಟ ನೀರು ಕುಡಿದುಬಿಡುತ್ತೇನೆ, ಅಷ್ಟರಲ್ಲಿ ಮೈಕ್ ನಿಮ್ಮ ಕಡೆಗೆ ಬರಲಿ.