ಗೋಡೆಯ ಮೇಲಿನ ಕೆಂಪು ಚುಕ್ಕೆ

ಕೇಳುಗ ಬಂಧುಗಳೆಲ್ಲರಿಗೂ ನಮಸ್ಕಾರ.

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಪಿಸ್ತೂಲು, ರಿವಾಲ್ವರ್‌ಗಳ ಬಳಕೆಯನ್ನು ಕಲಿಸುತ್ತಾ ನನಗೆ ಹದಿನೇಳು ವರ್ಷಗಳಾದವು. ಹೆದ್ದಾರಿ ಬದಿಯಲ್ಲಿ ಮೋಟೆಲ್ ನಡೆಸುವ ದಂಪತಿಗಳು, ರಾತ್ರಿ ಹನ್ನೊಂದಕ್ಕೆ ಔಷಧದಂಗಡಿಯ ಬಾಗಿಲು ಹಾಕಿ ಒಬ್ಬರೇ ಕಾರಿನ ಕಡೆಗೆ ನಡೆಯುವವರು, ಮಕ್ಕಳು ದೂರದ ಊರಿಗೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು, ಹೀಗೆ ನಮ್ಮ ಕನ್ನಡಿಗರು ಅನೇಕರು ನನ್ನಲ್ಲಿಗೆ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದೇ: "ಚಿಕ್ಕ ರಿವಾಲ್ವರ್ ತೆಗೆದುಕೊಂಡು ಅದಕ್ಕೆ ಲೇಸರ್ ಹಾಕಿಸಿಬಿಟ್ಟರೆ ಗುರಿ ತಪ್ಪುವುದಿಲ್ಲ, ಅಲ್ಲವೇ?"

ತಪ್ಪುತ್ತದೆ. ಗುಂಡು ಬೀಳಬೇಕಾದ ಜಾಗಕ್ಕೆ ಬೆಳಕಿನ ಚುಕ್ಕೆ ಬಿಡುವ ಲೇಸರ್ ಹಾಕಿಸಿದರೂ ತಪ್ಪುತ್ತದೆ. ಆದರೂ ನಾನು ಲೇಸರ್ ಹಾಕಿಸಿ ಎಂದೇ ಹೇಳುತ್ತೇನೆ. ಈ ಎರಡು ಮಾತುಗಳ ನಡುವೆ ಇರುವುದು ಒಂದೇ ಸಂಗತಿ: ಖಾಲಿ ರಿವಾಲ್ವರ್ ಹಿಡಿದು, ಗೋಡೆಯ ಮೇಲಿನ ಚುಕ್ಕೆಯನ್ನು ನೋಡುತ್ತಾ, ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡುವುದು. ಇಂದಿನ ಮಾತುಗಳಲ್ಲಿ ನಿಮಗೆ ಇದೊಂದು ನೆನಪಿನಲ್ಲಿ ಉಳಿದರೆ ನಾನು ಬಂದ ಕೆಲಸ ಆಯಿತು.

ಮುಂದುವರಿಯುವ ಮೊದಲು ಕಾನೂನಿನ ಒಂದು ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ಪ್ರತಿ ತಿಂಗಳೂ ಯಾರಾದರೊಬ್ಬರು ಇದನ್ನು ತಿಳಿಯದೆ ಬರುತ್ತಾರೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಪರವಾನಗಿ ಇಲ್ಲದೆಯೂ ಕೈಬಂದೂಕು ಒಯ್ಯಬಹುದು ಎಂಬುದನ್ನು ಮಾತ್ರ ಕೇಳಿಕೊಂಡು ಅಂಗಡಿಗೆ ಓಡಬೇಡಿ. ಎಚ್-1ಬಿ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಗ್ರೀನ್ ಕಾರ್ಡ್ ಬಂದವರ ವಿಷಯ ಬೇರೆ. ನೀವು ಯಾವ ಸಾಲಿನಲ್ಲಿದ್ದೀರಿ ಎಂಬುದನ್ನು ವಕೀಲರಲ್ಲಿ ವಿಚಾರಿಸಿ ತಿಳಿದುಕೊಂಡ ಮೇಲೆ ನನ್ನ ಬಳಿ ಬನ್ನಿ.

ಈಗ ಆಯುಧದ ವಿಷಯ. ಇಲ್ಲಿ ಬ್ಯಾಕಪ್ ಗನ್ ಎಂದು ಕರೆಯುವುದು ಪೊಲೀಸರು ಸೊಂಟದ ದೊಡ್ಡ ಪಿಸ್ತೂಲಿನ ಜೊತೆಗೆ ಕಣಕಾಲಿನಲ್ಲೋ ಜೇಬಿನಲ್ಲೋ ಇಟ್ಟುಕೊಳ್ಳುವ ಎರಡನೆಯ, ಚಿಕ್ಕ ಆಯುಧವನ್ನು. ಸ್ಮಿತ್ ಆಂಡ್ ವೆಸನ್ ಕಂಪನಿ 1950ರಲ್ಲಿ ಹೊರತಂದ ಐದು ಗುಂಡಿನ ಚೀಫ್ಸ್ ಸ್ಪೆಷಲ್ ರಿವಾಲ್ವರ್, ಮುಂದೆ ಮಾಡೆಲ್ 36 ಎಂಬ ಹೆಸರು ಪಡೆದದ್ದು, ಈ ಜಾತಿಗೆ ಮಾದರಿಯಾಯಿತು. ಪೊಲೀಸರಿಗೆ ಎರಡನೆಯದಾದ ಈ ಆಯುಧ ನಮ್ಮಂಥ ಸಾಮಾನ್ಯರಿಗೆ ಅನೇಕ ವೇಳೆ ಮೊದಲನೆಯದೂ ಹೌದು, ಕೊನೆಯದೂ ಹೌದು.

ಎರಡನೆಯ ಆಯುಧ ಏಕೆ ಬೇಕು ಎಂಬುದಕ್ಕೆ ಎಲ್ಲ ತರಬೇತುದಾರರೂ 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ನಡೆದ ಗುಂಡಿನ ಕಾಳಗವನ್ನು ಹೇಳುತ್ತಾರೆ. ಇಬ್ಬರು ಬ್ಯಾಂಕ್ ದರೋಡೆಕೋರರನ್ನು ತಡೆಯಲು ಹೋದ ಎಂಟು ಮಂದಿ ಎಫ್‌ಬಿಐ ಸಿಬ್ಬಂದಿಯಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಕಾರುಗಳು ಡಿಕ್ಕಿ ಹೊಡೆದಾಗ ಜಾನ್ ಹ್ಯಾನ್ಲನ್ ಅವರ ದೊಡ್ಡ ರಿವಾಲ್ವರ್ ಕೈತಪ್ಪಿ ಹೋಯಿತು, ಅವರು ಹೋರಾಡಿದ್ದು ಜೊತೆಗಿದ್ದ ಐದು ಗುಂಡಿನ ಆ ಮಾಡೆಲ್ 36ರಿಂದ. ಅಂದು ಪ್ರಾಣ ಬಿಟ್ಟ ಬೆಂಜಮಿನ್ ಗ್ರೋಗನ್ ಅವರ ಕನ್ನಡಕವೂ ಡಿಕ್ಕಿಯ ಹೊಡೆತಕ್ಕೆ ಮುಖದಿಂದ ಹಾರಿಹೋಗಿತ್ತು. ಕೈಯಲ್ಲಿ ಚಿಕ್ಕ ಆಯುಧ ಮಾತ್ರ ಉಳಿಯುವುದು, ಕಣ್ಣು ಸರಿಯಾಗಿ ಕಾಣದೆ ಹೋಗುವುದು, ಇವೆರಡೂ ಒಂದೇ ಗಳಿಗೆಯಲ್ಲಿ ಬರಬಹುದು ಎಂಬುದನ್ನು ಆ ದಿನ ತೋರಿಸಿತು. ಲೇಸರ್ ಉಪಯೋಗಕ್ಕೆ ಬರುವುದು ಸರಿಯಾಗಿ ಇಲ್ಲಿಯೇ.

ನಾನು ಕೊಡಗಿನವನು. ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಿರಿಯರ ಪಕ್ಕದಲ್ಲಿ ನಿಂತು ಬೆಳೆದವನು. ಆ ಕೋವಿಯ ನಳಿಗೆ ಉದ್ದವಾಗಿರುತ್ತದೆ, ಗುರಿ ನೋಡುವ ಹಿಂದಿನ ಗುರುತಿಗೂ ಮುಂದಿನ ಗುರುತಿಗೂ ಬಹಳ ಅಂತರವಿರುತ್ತದೆ. ಆ ಅಂತರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಆಚೀಚೆಯಾದರೆ ಏಳು ಮೀಟರ್ ದೂರದಲ್ಲಿ ಗುಂಡು ತಪ್ಪುವುದು ಸುಮಾರು ಒಂದೂಕಾಲು ಸೆಂಟಿಮೀಟರಿಗಿಂತ ಕಡಿಮೆ. ಚಿಕ್ಕ ರಿವಾಲ್ವರ್‌ನಲ್ಲಿ ಆ ಅಂತರ 10 ಸೆಂಟಿಮೀಟರ್ ಕೂಡ ಇರುವುದಿಲ್ಲ. 10 ಎಂದೇ ಹಿಡಿದರೂ ಅದೇ ಒಂದು ಮಿಲಿಮೀಟರ್ ದೋಷಕ್ಕೆ ಗುಂಡು ಏಳು ಸೆಂಟಿಮೀಟರ್ ಆಚೆ ಬೀಳುತ್ತದೆ. ಇದರ ಮೇಲೆ ವಯಸ್ಸು ನಲವತ್ತೈದು ದಾಟಿತೆಂದರೆ, ಚಾಚಿದ ಕೈಯ ತುದಿಯಲ್ಲಿರುವ ಮುಂದಿನ ಗುರುತು, ಅಂದರೆ ಸೈಟ್, ಮಸುಕಾಗುತ್ತದೆ. ಎರಡು ಭಾಗದ ಕನ್ನಡಕ ಹಾಕಿದವರು ಅದನ್ನು ನೋಡಲು ಗದ್ದ ಎತ್ತಬೇಕು, ಎತ್ತಿದರೆ ಎದುರಿಗಿರುವವನು ಮಸುಕಾಗುತ್ತಾನೆ. ಲೇಸರ್ ಇದ್ದರೆ ಈ ಎರಡು ಸೈಟ್‌ಗಳನ್ನು ಹೊಂದಿಸುವ ಕೆಲಸವೇ ಇರುವುದಿಲ್ಲ. ಕಣ್ಣು ಅಪಾಯದ ಮೇಲೆಯೇ ಇರುತ್ತದೆ, ಚುಕ್ಕೆಯೂ ಅಲ್ಲಿಯೇ ಇರುತ್ತದೆ.

ಇಷ್ಟನ್ನು ಕೇಳಿದವರು "ಹಾಗಾದರೆ ಇನ್ನೇನು ಬೇಕು" ಎನ್ನುತ್ತಾರೆ. ಏನು ಬೇಕು ಎಂಬುದನ್ನು ನನಗೆ ಸ್ಪಷ್ಟವಾಗಿ ತಿಳಿಸಿಕೊಟ್ಟವರು ದಾವಣಗೆರೆ ಕಡೆಯ ಒಬ್ಬ ತಾಯಿ. ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವರಿಗೆ ಆಗ ಅರವತ್ತೊಂದು ವರ್ಷ. ಗಂಡಹೆಂಡತಿ ಸೇರಿ ಪೆಟ್ರೋಲ್ ಬಂಕಿನ ಜೊತೆಗಿನ ಒಂದು ಅಂಗಡಿಯನ್ನು ನಡೆಸುತ್ತಿದ್ದರು. ಹೆಂಡತಿಗೆ ಹಗುರವಾದದ್ದು ಇರಲಿ ಎಂದು ಯಜಮಾನರು ಅಲ್ಯೂಮಿನಿಯಂ ಒಡಲಿನ ಐದು ಗುಂಡಿನ ರಿವಾಲ್ವರ್ ತಂದುಕೊಟ್ಟಿದ್ದರು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಏಳು ಗಜ ದೂರದಿಂದ ಆ ತಾಯಿ ಐದು ಗುಂಡು ಹಾರಿಸಿದರು. ಗುರಿಯ ಕಾಗದಕ್ಕೆ ತಾಗಿದ್ದು ಒಂದು, ಅದೂ ಎಡಬದಿಯ ಕೆಳಮೂಲೆಗೆ. ಮುಂದಿನ ವಾರ ಯಜಮಾನರು ಒಳಗೇ ಲೇಸರ್ ಇರುವ, ಕ್ರಿಮ್ಸನ್ ಟ್ರೇಸ್ ಕಂಪನಿಯ ಹಿಡಿಯನ್ನು ಹಾಕಿಸಿಕೊಂಡು ಬಂದರು. ಮಧ್ಯದ ಬೆರಳು ಒತ್ತುವ ಜಾಗದಲ್ಲಿ ಅದರ ಗುಂಡಿ ಇರುತ್ತದೆ, ಆಯುಧವನ್ನು ಗಟ್ಟಿಯಾಗಿ ಹಿಡಿದರೆ ಸಾಕು, ಚುಕ್ಕೆ ಹೊತ್ತಿಕೊಳ್ಳುತ್ತದೆ. ತಾಯಿ ಕೈ ಚಾಚಿದರು. ಕಾಗದದ ಮೇಲೆ ಕೆಂಪು ಚುಕ್ಕೆ ಮಿಡತೆಯಂತೆ ಕುಪ್ಪಳಿಸತೊಡಗಿತು. ಅವರು ನನ್ನ ಕಡೆ ತಿರುಗಿ, "ಸರ್, ಇದನ್ನು ಹಾಕಿದ ಮೇಲೆ ನನ್ನ ಕೈ ಇನ್ನೂ ಜಾಸ್ತಿ ನಡುಗುತ್ತಿದೆಯಲ್ಲ?" ಎಂದರು.

"ನಡುಕ ಮೊದಲೂ ಇತ್ತು ಅಮ್ಮಾ. ಈಗ ಕಾಣಿಸುತ್ತಿದೆ, ಅಷ್ಟೆ," ಎಂದೆ.

ಆಮೇಲೆ ನಡೆದದ್ದನ್ನು ಗಮನವಿಟ್ಟು ಕೇಳಿ. ಅವರು ಚುಕ್ಕೆಯನ್ನು ಅಟ್ಟಿಸಿಕೊಂಡು ಹೋಗತೊಡಗಿದರು. ಅದು ನಡುವಿನ ವೃತ್ತವನ್ನು ಮುಟ್ಟಿದ ಕ್ಷಣವೇ ಈಗ ಸಿಕ್ಕಿತು ಎಂದು ಟ್ರಿಗರನ್ನು ಜಗ್ಗಿ ಎಳೆಯುತ್ತಿದ್ದರು. ಐದಕ್ಕೆ ಐದೂ ಗುಂಡುಗಳು ಕಾಗದದಿಂದ ಹೊರಗೆ ಹೋದವು. ಲೇಸರ್ ಇಲ್ಲದಾಗ ಒಂದಾದರೂ ತಾಗಿತ್ತು! ಯಜಮಾನರು ಹಣ ದಂಡವಾಯಿತು ಎಂದು ಮುಖ ಸಣ್ಣ ಮಾಡಿಕೊಂಡರು. ತಪ್ಪು ಲೇಸರಿನದಾಗಿರಲಿಲ್ಲ. ಆ ರಿವಾಲ್ವರ್ ಅರ್ಧ ಕಿಲೋ ಕೂಡ ತೂಗುವುದಿಲ್ಲ, ಆದರೆ ಅದರ ಟ್ರಿಗರ್ ಎಳೆಯಲು ಐದು ಕಿಲೋಗೂ ಮೀರಿದ ಬಲ ಬೇಕು. ತನ್ನ ತೂಕದ ಹತ್ತು ಪಟ್ಟು ಬಲದಿಂದ ಒಂದು ವಸ್ತುವನ್ನು ಜಗ್ಗಿದರೆ ಅದು ಅಲುಗದೆ ನಿಲ್ಲುವುದಾದರೂ ಹೇಗೆ? ಬೆರಳು ನಿಧಾನವಾಗಿ, ಒಂದೇ ಸಮನೆ, ನೇರವಾಗಿ ಹಿಂದಕ್ಕೆ ಬಂದರೆ ಮಾತ್ರ ನಿಲ್ಲುತ್ತದೆ. ಇದನ್ನು ಬೆರಳಿಗೆ ಕಲಿಸಬೇಕು. ಯಾವ ದೀಪವೂ ಅದನ್ನು ಬೆರಳಿನ ಬದಲಿಗೆ ಮಾಡಿಕೊಡುವುದಿಲ್ಲ.

ನಾನು ತೋಟಾಗಳನ್ನೆಲ್ಲ ಯಜಮಾನರ ಕೈಗೆ ಕೊಟ್ಟು, ಆರು ವಾರ ರೇಂಜಿಗೆ ಬರಬೇಡಿ ಎಂದೆ. ಅವರ ಮನೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಅಗ್ಗಿಷ್ಟಿಕೆ ಇತ್ತು. ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರನ್ನು ಅದಕ್ಕೆ ಅಂಟಿಸಿ, ಮೂರು ಮೀಟರ್ ದೂರದಲ್ಲಿ ನಿಂತು, ಖಾಲಿ ರಿವಾಲ್ವರಿನ ಚುಕ್ಕೆಯನ್ನು ಒಂದು ದಿನದ ಮನೆಯೊಳಗೆ ಇಟ್ಟು ಟ್ರಿಗರ್ ಎಳೆಯಿರಿ, ದಿನಕ್ಕೆ ಐದೇ ನಿಮಿಷ, ಎಂದು ಹೇಳಿದೆ. ತಾಯಿ ತಿಂಗಳ ನಡುವೆ ಬಂದಿದ್ದ ಏಕಾದಶಿಯ ಮನೆಯನ್ನು ಆರಿಸಿಕೊಂಡರು. ಮೊದಲ ವಾರ ಪ್ರತಿ ಎಳೆತಕ್ಕೂ ಚುಕ್ಕೆ ಒಂದು ಮನೆ ಎಡಕ್ಕೆ, ಒಂದು ಮನೆ ಕೆಳಕ್ಕೆ ಜಿಗಿಯುತ್ತಿತ್ತಂತೆ. ಅವರು ಅಂಗಡಿಯ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ದಿನವೂ ಗೆರೆ ಹಾಕಿ ಇಟ್ಟಿದ್ದರು: ಮನೆ ಬಿಟ್ಟು ಹೋದದ್ದು ಎಷ್ಟು, ಒಳಗೇ ಉಳಿದದ್ದು ಎಷ್ಟು ಎಂದು. ಆ ಪುಟವನ್ನು ನನಗೆ ತೋರಿಸಿದರು. ಮೊದಲ ದಿನ ಇಪ್ಪತ್ತರಲ್ಲಿ ಉಳಿದದ್ದು ಎರಡು. ಮೂರನೆಯ ವಾರದ ಹೊತ್ತಿಗೆ ಒಂಬತ್ತು. ಕೊನೆಯ ದಿನ ಹದಿನೆಂಟು. ನಡುಕ ಪೂರ್ತಿ ಹೋಗಿರಲಿಲ್ಲ, ಯಾರಿಗೂ ಹೋಗುವುದಿಲ್ಲ, ಆದರೆ ಆ ನಡುಕ ಒಂದು ಮನೆಯ ಅಗಲದೊಳಗೆ ಅಡಗಿತ್ತು. ಮತ್ತೆ ರೇಂಜಿಗೆ ಬಂದಾಗ, ನಾನು ಬೇಕೆಂದೇ ಅವರ ಕನ್ನಡಕವನ್ನು ಕೇಳಿ ಪಡೆದು ರಕ್ಷಣೆಯ ಬರಿಯ ಗಾಜನ್ನು ಕೊಟ್ಟೆ. ಏಳು ಗಜದಿಂದ ಐದು ಗುಂಡುಗಳೂ ಒಂದು ಊಟದ ತಟ್ಟೆಯ ಅಗಲದೊಳಗೆ ಬಿದ್ದವು. ಅನಂತರ ಲೇಸರ್ ಆರಿಸಿ ಹೊಡೆಯಿರಿ ಎಂದೆ. ನಾಲ್ಕು ಬಿದ್ದವು. ಬೆರಳು ಕಲಿತಿತ್ತು.

ಆದ್ದರಿಂದಲೇ ಮತ್ತೆ ಹೇಳುತ್ತೇನೆ: ಖಾಲಿ ರಿವಾಲ್ವರ್, ಗೋಡೆ, ಚುಕ್ಕೆ, ಐದು ನಿಮಿಷ. ಬೇರೆ ಯಾವ ತರಬೇತುದಾರನೂ ನಿಮ್ಮ ಬೆರಳಿನ ತಪ್ಪನ್ನು ಆ ಕ್ಷಣದಲ್ಲೇ ಇಷ್ಟು ಪ್ರಾಮಾಣಿಕವಾಗಿ ತೋರಿಸಲಾರ. ಲೇಸರಿಗೆ ನೂರಾರು ಡಾಲರ್ ಕೊಟ್ಟು ಅದನ್ನು ಡ್ರಾಯರಿನಲ್ಲಿ ಇಟ್ಟುಬಿಡುವವರನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದವನ್ನು ಬೇಗ ಹೇಳುತ್ತೇನೆ. ಖಾಲಿ ಎಂದರೆ ಸಿಲಿಂಡರನ್ನು ಹೊರಗೆ ತೆರೆದು, ಐದು ರಂಧ್ರಗಳನ್ನೂ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಎಣಿಸಿ ಖಾಲಿ ಎಂದು ತಿಳಿಯುವುದು. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಗೋಡೆ ಎಂದರೆ ಇಟ್ಟಿಗೆಯ ಗೋಡೆ. ಈ ದೇಶದ ಮನೆಗಳ ಒಳಗೋಡೆ ಬರಿಯ ಜಿಪ್ಸಮ್ ಹಲಗೆ, ಗುಂಡು ಅದನ್ನು ತೂರಿ ಮಕ್ಕಳ ಕೋಣೆಗೆ ಹೋಗುತ್ತದೆ. ಅಭ್ಯಾಸ ಮುಗಿದ ಮೇಲೆ ಆಯುಧ ಬೀಗದೊಳಗೆ ಹೋಗಬೇಕು.

ಚುಕ್ಕೆ ಕಾಣದಿದ್ದರೆ ಅದನ್ನು ಹುಡುಕುತ್ತಾ ಕೈ ಆಡಿಸಬೇಡಿ. ಮೊದಲು ಆಯುಧವನ್ನು ಕಣ್ಣಿನ ಮಟ್ಟಕ್ಕೆ ತಂದು ಮಾಮೂಲಿನಂತೆ ಗುರಿ ಹಿಡಿಯಿರಿ, ಚುಕ್ಕೆ ತಾನಾಗಿಯೇ ಅಲ್ಲಿರುತ್ತದೆ. ಬಲಗೈಯವರು ಇನ್ನೊಂದನ್ನು ಗಮನಿಸಿ: ಹಿಡಿಯ ಲೇಸರಿನ ಬೆಳಕು ಆಯುಧದ ಬಲಬದಿಯಿಂದ ಹೊರಡುವುದರಿಂದ, ತೋರುಬೆರಳನ್ನು ಒಡಲಿನ ಮೇಲೆ ಉದ್ದಕ್ಕೆ ಚಾಚಿ ಇಟ್ಟಾಗ ಅದು ಬೆಳಕಿಗೆ ಅಡ್ಡವಾಗುತ್ತದೆ. ಕೆಲವರು ಇದನ್ನು ದೋಷವೆನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ಅರಿಜೋನಾದಲ್ಲಿ ಗನ್‌ಸೈಟ್ ಶಾಲೆಯನ್ನು ಕಟ್ಟಿದ ಜೆಫ್ ಕೂಪರ್ ಅವರ ನಾಲ್ಕು ನಿಯಮಗಳಲ್ಲಿ ಒಂದು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನಿಂದ ದೂರವಿರಬೇಕು ಎಂಬುದು. ನೆತ್ತಿಗೇರಿದ ಗಾಬರಿಯಲ್ಲಿ ಬೆರಳು ಎಲ್ಲಿದೆ ಎಂಬುದನ್ನು ಈ ಅಡ್ಡಿ ನಿಮಗೆ ನೆನಪಿಸುತ್ತದೆ.

ಕೆಂಪೋ ಹಸಿರೋ ಎಂದು ಬಹಳ ಮಂದಿ ಕೇಳುತ್ತಾರೆ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಹೆಚ್ಚು ಗ್ರಹಿಸುವುದು 555 ನ್ಯಾನೋಮೀಟರ್ ಸುಮಾರಿನ ತರಂಗಾಂತರದ ಬೆಳಕನ್ನು. ಹಸಿರು ಲೇಸರ್ 520ರಿಂದ 532ರ ಆಸುಪಾಸಿನಲ್ಲಿ ಅದಕ್ಕೆ ಹತ್ತಿರವಿದೆ, ಕೆಂಪು 635ರ ಆಚೆ ಇದೆ. ಟೆಕ್ಸಾಸಿನ ಮಟಮಟ ಮಧ್ಯಾಹ್ನದಲ್ಲಿ ಕೆಂಪು ಕಾಣಿಸುವುದೇ ಇಲ್ಲ. ರಾತ್ರಿಯಲ್ಲಿ, ಮನೆಯೊಳಗೆ ಯಾವುದಾದರೂ ಸಾಕು. ಯಾರನ್ನಾದರೂ ಹೆದರಿಸಲು ಚುಕ್ಕೆಯನ್ನು ಬಿಡಬೇಡಿ, ಏಕೆಂದರೆ ಚುಕ್ಕೆ ಬಿದ್ದ ಕಡೆಗೇ ಆಯುಧದ ಬಾಯಿಯೂ ತಿರುಗಿರುತ್ತದೆ ಮತ್ತು ಕಾನೂನು ಅದನ್ನು ಹಾಗೆಯೇ ನೋಡುತ್ತದೆ.

ಜೇಬಿನಲ್ಲಿ ಇಡುವವರು ಆಯುಧಕ್ಕೆ ಹೋಲ್‌ಸ್ಟರ್ ಎಂಬ ಒರೆಯನ್ನು ತೊಡಿಸಿಯೇ ಇಡಿ, ಆ ಜೇಬಿನಲ್ಲಿ ಬೇರೇನೂ ಇರಬಾರದು. ಬಟ್ಟೆಯ ನಾರು ಲೇಸರಿನ ಸಣ್ಣ ಕಿಂಡಿಯನ್ನು ಮುಚ್ಚುತ್ತದೆ, ಹದಿನೈದು ದಿನಕ್ಕೊಮ್ಮೆ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ. ಒಳಗಿರುವುದು 2032 ಎಂಬ ನಾಣ್ಯದಂಥ ಎರಡು ಬ್ಯಾಟರಿಗಳು. ಸತ್ತ ಮೇಲೆ ಬದಲಿಸೋಣ ಎಂದು ಕಾಯದೆ ವರ್ಷಕ್ಕೊಮ್ಮೆ ಹೊಸದನ್ನು ಹಾಕಿ. ಅದಕ್ಕೆ ಆಯುಧಪೂಜೆಯ ದಿನಕ್ಕಿಂತ ಒಳ್ಳೆಯ ದಿನ ನಮ್ಮವರಿಗೆ ಬೇರೆ ಇಲ್ಲ. ನಾನು ಹೇಳಿದ ಆ ತಾಯಿಗೆ ಈಗ ಅರವತ್ತೆಂಟು. ಪೂಜೆಯ ಹಿಂದಿನ ಸಂಜೆ ಪ್ರತಿ ವರ್ಷವೂ ನನಗೆ ಫೋನ್ ಮಾಡಿ ಬ್ಯಾಟರಿಯ ನಂಬರನ್ನು ಕೇಳುತ್ತಾರೆ, ಇಪ್ಪತ್ತರಲ್ಲಿ ಎಷ್ಟು ಉಳಿದವು ಎಂಬುದನ್ನೂ ತಪ್ಪದೆ ಹೇಳುತ್ತಾರೆ. ಕಳೆದ ಸಲ ಹತ್ತೊಂಬತ್ತು.

ನಮಸ್ಕಾರ.